ಯಾರ ಆನಂದ? ಯಾವ ಅಳತೆ?

ಭಾರತೀಯ ದರ್ಶನಗಳ ಆನಂದದ ಬಗ್ಗೆ ಮಾತಾಡುವವರು ತೈತ್ತಿರೀಯ ಉಪನಿಷತ್ತಿನ ಆನಂದ ಮೀಮಾಂಸೆಯನ್ನು ಹೆಮ್ಮೆಯಿಂದ ಎತ್ತಿಕೊಳ್ಳುತ್ತಾರೆ. ಎತ್ತಿಕೊಳ್ಳಲಿ. ಅಲ್ಲಿರುವ ಅಳತೆಗೋಲನ್ನು ನಾವೂ ಒಮ್ಮೆ ಕೈಯಲ್ಲಿ ಹಿಡಿದು ನೋಡಬೇಕು. ಮನುಷ್ಯನ ಆನಂದದ ಮೊದಲ ಮಾನ ಯಾವುದು? ಯುವಕ, ಸಜ್ಜನ, ವೇದ ಓದಿದವನು, ಗಟ್ಟಿಮುಟ್ಟಾದವನು. ಸಂಪತ್ತು ತುಂಬಿದ ಇಡೀ ಭೂಮಿ ಅವನದು. ಅವನ ಸುಖವೇ ಒಂದು. ಅದರ ನೂರರಷ್ಟು ಮನುಷ್ಯ ಗಂಧರ್ವರಿಗೆ, ಅದರ ನೂರರಷ್ಟು ಅವರ ಮೇಲಿನವರಿಗೆ. ಹೀಗೇ ಬ್ರಹ್ಮನವರೆಗೆ ಏಣಿ. ಭೂಮಿಯೆಲ್ಲ ಒಬ್ಬನದಾದರೆ ಅದನ್ನು ಉತ್ತವನು ಯಾವ ಮೆಟ್ಟಿಲಲ್ಲಿದ್ದಾನೆ? ಏಣಿ ಅವನಿಂದ ಶುರುವಾಗೋದೇ ಇಲ್ಲ.

ಆಸೆ ಗೆದ್ದ ಶ್ರೋತ್ರಿಯನಿಗೆ ಪ್ರತಿ ಮೆಟ್ಟಿಲಿನ ಆನಂದವೂ ದಕ್ಕುತ್ತದೆ, ಆಸ್ತಿ ಬೇಕಿಲ್ಲ ಎಂದು ಪಂಡಿತರು ಉತ್ತರಿಸಬಹುದು. ಆದರೆ ಶ್ರೋತ್ರಿಯ ಅಂದರೆ ವೇದ ಕಲಿತವನು. ವೇದ ಕೇಳಿದ ಶೂದ್ರನ ಕಿವಿಗೆ ತವರ, ಅರಗು ಕಾಯಿಸಿ ತುಂಬಬೇಕೆಂದು ಗೌತಮ ಧರ್ಮಸೂತ್ರ ವಿಧಿಸಿತು. ಅದ್ವೈತದ ಆಚಾರ್ಯ ಶಂಕರರು ಬ್ರಹ್ಮಸೂತ್ರ ಭಾಷ್ಯದ ಅಪಶೂದ್ರಾಧಿಕರಣದಲ್ಲಿ ಆ ಮಾತನ್ನೇ ಆಧಾರವಾಗಿ ತಂದರು. ಇತಿಹಾಸ ಪುರಾಣ ಕೇಳಲು ಬಿಟ್ಟರು, ವೇದದ ಬಾಗಿಲು ಮುಚ್ಚಿದರು. ಶೂದ್ರನ ಗತಿಯೇ ಇದಾದರೆ ವರ್ಣದ ಹೊರಗೆ ನಿಲ್ಲಿಸಿದವರ ಪಾಡೇನು? ಇನ್ನು ಆಸೆಯ ಮಾತು. ಹೊಟ್ಟೆ ತುಂಬಿದೋನು ಅನ್ನದಾಸೆ ಬಿಟ್ಟರೆ ವೈರಾಗ್ಯ. ಹಸಿದೋನಿಗೆ ಅದನ್ನೇ ಬೋಧಿಸಿದರೆ ಮೋಸ.

ಇದು ಹಳೇ ಕಥೆ ಅಂದುಕೊಳ್ಳಬೇಡಿ. ಕಾವ್ಯಾನಂದವನ್ನು ಬ್ರಹ್ಮಾನಂದದ ಸಹೋದರ ಎಂದ ಕಾವ್ಯಮೀಮಾಂಸೆ ಕನ್ನಡ ವಿಮರ್ಶೆಯೊಳಗೂ ಬಂದು ಕೂತಿದೆ. 1975ರಲ್ಲಿ ಸಿದ್ಧಲಿಂಗಯ್ಯನವರ ‘ಹೊಲೆಮಾದಿಗರ ಹಾಡು’ ಬಂತು. ದಲಿತ ಕಾವ್ಯ ಬರೀ ಘೋಷಣೆ ಎಂಬ ಆಕ್ಷೇಪ ಕೇಳಿಬಂದಾಗ ಅದರ ಹಿಂದೆ ಈ ಅಳತೆಗೋಲೂ ಇತ್ತು. ಸಿಟ್ಟಿಗೆ ಆ ಗೋಲಿನಲ್ಲಿ ಗೆರೆಯೇ ಇಲ್ಲ.

ದೇವನೂರ ಮಹಾದೇವರ ‘ಒಡಲಾಳ’ ಓದಿದವರಿಗೆ ಸಾಕವ್ವನ ಮನೆಯ ಕಡಲೆಕಾಯಿ ರಾತ್ರಿ ನೆನಪಿರುತ್ತದೆ. ಕದ್ದು ತಂದ ಕಾಯನ್ನು ಮನೆಮಂದಿಯೆಲ್ಲ ಕೂತು ತಿನ್ನುತ್ತಾರೆ. ಆಮೇಲೆ ಪೊಲೀಸರು ಹುಡುಕಿಕೊಂಡು ಬರುತ್ತಾರೆ. ಆ ರಾತ್ರಿಯ ಸುಖದಲ್ಲಿ ಮೇಲಿನವರು ಕೆಳಗಿನವರು ಇಲ್ಲ. ಹಿರಿಯರಿಗೂ ಮಕ್ಕಳಿಗೂ ಒಂದೇ ರಾಶಿ. ಹಾಗಂತ ಬಡತನದ ಸುಖ ಎಷ್ಟು ಚಂದ ಎಂದು ಹಾಡುವ ಅಗತ್ಯವಿಲ್ಲ. ದುಡಿದವರು ತಾವು ಬೆಳೆದದ್ದನ್ನೇ ಕದ್ದು ತಿನ್ನಬೇಕಾದ ವ್ಯವಸ್ಥೆ ಅದರ ಬೆನ್ನಿಗಿದೆ.

ದಲಿತ ವಿಮರ್ಶೆ ಆನಂದವನ್ನು ತಳ್ಳಿಹಾಕಬೇಕಿಲ್ಲ. ಅಳತೆಯನ್ನು ಸಾಕವ್ವನ ಮನೆಯಿಂದ ಶುರುಮಾಡಿ, ಆ ಮನೆಯವರು ಹೆದರದೆ ಉಣ್ಣುವ ದಿನಕ್ಕೆ ಮೊದಲ ಮಾನ ಎಂದು ಹೆಸರಿಡಬೇಕಿದೆ.