ಟಿಟಿಕಾಕಾದ ಕಪ್ಪೆಗಳ ಲೆಕ್ಕ

ಜಾಕ್ ಕುಸ್ಟೋ ಅವರ ಸಮುದ್ರ ಚಿತ್ರಗಳನ್ನು ನೀವು ನೋಡಿರಬಹುದು. 1960ರ ದಶಕದ ಕೊನೆಯಲ್ಲಿ ಅವರ ತಂಡ ಪೆರು-ಬೊಲಿವಿಯಾ ಗಡಿಯ ಟಿಟಿಕಾಕಾ ಸರೋವರಕ್ಕೆ ಇಳಿಯಿತು. ಇಂಕಾಗಳು ಮುಳುಗಿಸಿದರೆಂಬ ಚಿನ್ನ ಸಿಗಲಿಲ್ಲ. ಸಡಿಲ ಚರ್ಮದ ದೊಡ್ಡ ಕಪ್ಪೆಗಳು ಕಂಡವು. ಅವುಗಳ ಸಂಖ್ಯೆ ನೂರು ಕೋಟಿ ಎಂಬ ಅಂದಾಜು ಅಂದಿನಿಂದ ಬರಹದಿಂದ ಬರಹಕ್ಕೆ ಸಾಗಿ ಬಂದಿದೆ. ನನ್ನ ತಕರಾರು ಈ ಸಂಖ್ಯೆಯ ಮೇಲೆ.

ಸ್ಕೂಬಾ ಸಾಧನದ ಬಗ್ಗೆ ನನಗೆ ಗೌರವವಿದೆ. ಬಲೆ ಬೀಸಿದರೆ ಕಪ್ಪೆ ಬರುತ್ತದೆ, ಅದರ ನಡವಳಿಕೆ ಬರುವುದಿಲ್ಲ. 3,812 ಮೀಟರ್ ಎತ್ತರದಲ್ಲಿ ಗಾಳಿಯ ಒತ್ತಡ ಸುಮಾರು 0.63 ವಾಯುಮಂಡಲ. ನೀರಿನಲ್ಲಿ ಕರಗುವ ಆಕ್ಸಿಜನ್ನೂ ಅದಕ್ಕೆ ತಕ್ಕಂತೆ ಕಡಿಮೆ. ಕಪ್ಪೆಯ ಚರ್ಮದ ಮಡಿಕೆಗಳು ಆ ಕೊರತೆಯನ್ನು ತುಂಬುತ್ತವೆ.

ಮುಳುಗುವವನಿಗೂ ಇದೇ ಒತ್ತಡದ ಕಾಟ. ‘ಹತ್ತು ಮೀಟರ್ ಇಳಿದರೆ ಒತ್ತಡ ಇಮ್ಮಡಿ’ ಎಂದು ತರಗತಿಯಲ್ಲಿ ಹೇಳುತ್ತೇವಲ್ಲ, ಅದು ಸಮುದ್ರಮಟ್ಟದ ಮಾತು. ಇಲ್ಲಿ ಹತ್ತು ಮೀಟರ್ ಸಿಹಿನೀರು 0.97 ಸೇರಿಸಿ 1.60 ಮಾಡುತ್ತದೆ, ಅಂದರೆ ಮೇಲ್ಮೈಯ ಎರಡೂವರೆ ಪಟ್ಟು. ಈ ಅನುಪಾತಕ್ಕೆ ಸಮುದ್ರದಲ್ಲಿ 15 ಮೀಟರ್ ಇಳಿಯಬೇಕು. ಮೇಲೇರುವಾಗ ರಕ್ತದಲ್ಲಿ ನೈಟ್ರೋಜನ್ ಗುಳ್ಳೆಗಳಾಗುವ ಭಯ ಹೆಚ್ಚು. ಹಾಗಾಗಿ ಸಮುದ್ರದ ಕೋಷ್ಟಕ ಹೇಳುವುದಕ್ಕಿಂತ ಕಡಿಮೆ ಆಳ, ಕಡಿಮೆ ಹೊತ್ತು.

ಈಗ ಲೆಕ್ಕಕ್ಕೆ ಬನ್ನಿ. ಸರೋವರದ ವಿಸ್ತೀರ್ಣ ಸುಮಾರು 8,300 ಚದರ ಕಿ.ಮೀ. ನೂರು ಕೋಟಿಯನ್ನು ಹಂಚಿದರೆ ಸುಮಾರು 8 ಚದರ ಮೀಟರಿಗೆ ಒಂದು ಕಪ್ಪೆ. ಕಪ್ಪೆಗಳಿರುವ ಜಾಗದಲ್ಲಿ ಇದು ಅಸಂಭವವಲ್ಲ. ಆದರೆ ಗರಿಷ್ಠ ಆಳ ಸುಮಾರು 280 ಮೀಟರ್! ಸ್ಕೂಬಾ ಧರಿಸಿದವನ ಕೆಲಸ ಮೇಲಿನ ಕೆಲವು ಹತ್ತು ಮೀಟರುಗಳಲ್ಲಿ. ತಂಡದ ಕಿರು ಜಲಾಂತರ್ಗಾಮಿಗಳು ಇನ್ನೂ ಕೆಳಕ್ಕೆ ಹೋಗಬಲ್ಲವು, ಆದರೆ ಕಾಣುವುದು ದೀಪ ಬಿದ್ದಷ್ಟು ಮಾತ್ರ. ದಡದ ಬಳಿ ಕಂಡ ಸಾಂದ್ರತೆಯನ್ನು ಇಡೀ ತಳಕ್ಕೆ ಹಾಸುವುದು, ಬಸ್ ನಿಲ್ದಾಣದಲ್ಲಿ ಜನರನ್ನೆಣಿಸಿ ತಾಲ್ಲೂಕಿನ ಜನಸಂಖ್ಯೆ ಹೇಳಿದಂತೆ.

ಸಣ್ಣ ತಪ್ಪೆಂದು ಬಿಡೋಣವೆ? 2016ರಲ್ಲಿ ಸರೋವರ ಸೇರುವ ಕೋವಾಟಾ ನದಿಯಲ್ಲಿ ಸುಮಾರು 10,000 ಕಪ್ಪೆಗಳು ಸತ್ತು ತೇಲಿದವು. ನೂರು ಕೋಟಿಯನ್ನು ನಂಬಿದರೆ ಅದು ಲಕ್ಷಕ್ಕೆ ಒಂದು. ಯಾವ ಅಧಿಕಾರಿಯೂ ನಿಶ್ಚಿಂತೆಯಿಂದ ಮಲಗಬಹುದು. ನಿಜವಾದ ಮೊತ್ತ ಅದರ ಸಾವಿರದಲ್ಲೊಂದು ಪಾಲಾಗಿದ್ದರೆ, ಒಂದೇ ಘಟನೆಯಲ್ಲಿ ನೂರಕ್ಕೆ ಒಂದು ಹೋಯಿತು.

ಮುಂದೆ ಇಂಥ ಸಂಖ್ಯೆ ಓದಿದಾಗ ವಿದ್ಯಾರ್ಥಿಗಳಿಂದ ಮೂರು ಪ್ರಶ್ನೆ ಕೇಳಿಸಿ: ಎಷ್ಟು ಆಳದಲ್ಲಿ ಎಣಿಸಿದರು, ಎಷ್ಟು ಅಗಲದ ಪಟ್ಟಿಯಲ್ಲಿ, ನೀರು ಎಷ್ಟು ತಿಳಿಯಾಗಿತ್ತು?