ರಸೀದಿ ಕೇಳಿದವರ ಚರಿತ್ರೆ

ನನ್ನ ಮೊದಲ ಅಧ್ಯಾಯದ ಕರಡು ಓದಿ ಮುಗಿಸಿದ ಮಾರ್ಗದರ್ಶಕರು ಹಾಳೆಗಳನ್ನು ಮಡಚಿಟ್ಟು ಕೇಳಿದರು: "ಚಳವಳಿಯ ಬಗ್ಗೆ ಬರೆದದ್ದನ್ನೆಲ್ಲ ಓದಿದ್ದೀಯಮ್ಮ. ಚಳವಳಿ ತಾನೇ ಬರೆದುಕೊಂಡದ್ದು ಎಲ್ಲಿದೆ?"

ಮಲೆನಾಡಿನ ಸಮಾಜವಾದಿ ಚಳವಳಿಗೂ ಕನ್ನಡ ಸಾಹಿತ್ಯಕ್ಕೂ ಇರುವ ನಂಟು ನನ್ನ ಸಂಶೋಧನೆಯ ವಿಷಯ. ಆ ಕರಡಿನಲ್ಲಿ ರಾಮಮನೋಹರ ಲೋಹಿಯಾ ಇದ್ದರು, ಶಾಂತವೇರಿ ಗೋಪಾಲಗೌಡರಿದ್ದರು, ಅನಂತಮೂರ್ತಿ, ಲಂಕೇಶ್, ತೇಜಸ್ವಿ ಇದ್ದರು. ಕುವೆಂಪು ಮತ್ತು ಕಾರಂತರ ಜೊತೆಗೆ ಲೋಹಿಯಾ ಹೆಸರನ್ನೂ ತೇಜಸ್ವಿ ಹೇಳಿದ 'ಅಬಚೂರಿನ ಪೋಸ್ಟಾಫೀಸು' ಸಂಕಲನದ ಮುನ್ನುಡಿಯ ಚರ್ಚೆ ಇತ್ತು. 1951ರ ಕಾಗೋಡು ಸತ್ಯಾಗ್ರಹಕ್ಕೆ ಒಂದೂವರೆ ಪುಟ ಸಿಕ್ಕಿತ್ತು. ಅದನ್ನು ಆರಂಭಿಸಿದ ಸಾಗರ ತಾಲ್ಲೂಕು ರೈತ ಸಂಘಕ್ಕೆ ಸಿಕ್ಕದ್ದು ಒಂದೇ ಒಂದು ವಾಕ್ಯ.

ಆ ಒಂದು ವಾಕ್ಯ ಬರೆದವಳು ಸಾಗರ ತಾಲ್ಲೂಕಿನ ಗೇಣಿದಾರರ ಮನೆಯ ಹುಡುಗಿ ಎಂಬುದು ನನ್ನನ್ನು ಹೆಚ್ಚು ಕಾಡಿತು.

ರೈತ ಸಂಘ ಎಂದ ಕೂಡಲೇ ಇವತ್ತಿನ ವಿದ್ಯಾರ್ಥಿಗಳ ಕಣ್ಣಿಗೆ ಕಟ್ಟುವುದು ಹಸಿರು ಶಾಲು. ಅದು 1980ರಲ್ಲಿ ಹುಟ್ಟಿದ ಕರ್ನಾಟಕ ರಾಜ್ಯ ರೈತ ಸಂಘ. ನಾನು ಹೇಳುತ್ತಿರುವುದು ಅದಕ್ಕಿಂತ ಮೂರು ದಶಕ ಹಿಂದಿನ, ಒಂದು ತಾಲ್ಲೂಕಿನ ಮಟ್ಟಿಗೆ ಮಾತ್ರ ಇದ್ದ ಸಣ್ಣ ಸಂಘ. ಅದನ್ನು ಕಟ್ಟಿದವರಲ್ಲಿ ಮುಖ್ಯರು ಹೆಚ್. ಗಣಪತಿಯಪ್ಪ, ಶಾಲಾ ಮೇಷ್ಟರಾಗಿದ್ದವರು. ಸಂಘದ ಜೀವಾಳ ಗೇಣಿದಾರರು. ಅವರಲ್ಲಿ ಬಹುಪಾಲು ದೀವರು. ಅವರ ಬೆನ್ನಿಗೆ ನಿಂತದ್ದು ಸಮಾಜವಾದಿ ಪಕ್ಷದ ಸ್ಥಳೀಯ ಕಾರ್ಯಕರ್ತರು. 1951ರ ಏಪ್ರಿಲ್ 18ರಂದು ಕಾಗೋಡಿನಲ್ಲಿ ಸತ್ಯಾಗ್ರಹ ಶುರುವಾಯಿತು. ಮಳೆಗಾಲಕ್ಕೆ ಮುಂಚೆ ಗದ್ದೆ ಹದ ಮಾಡುವ ಹೊತ್ತು ಅದು. ಉಳಬಾರದೆಂದು ತಡೆದ ಗದ್ದೆಗೆ ಗೇಣಿದಾರರು ತಂಡ ತಂಡವಾಗಿ ನೇಗಿಲು ಹಿಡಿದು ಇಳಿದರು, ಬಂಧನಕ್ಕೊಳಗಾದರು. ಗೋಪಾಲಗೌಡರು ಹೋರಾಟದ ಮುಂಚೂಣಿಗೆ ಬಂದರು. ಜೂನ್ ತಿಂಗಳಲ್ಲಿ ಲೋಹಿಯಾ ಬಂದು ಅವರೂ ಬಂಧನಕ್ಕೊಳಗಾದ ಮೇಲೆ ಕಾಗೋಡಿನ ಹೆಸರು ದೇಶಕ್ಕೆ ಗೊತ್ತಾಯಿತು. ಮರುವರ್ಷದ ಚುನಾವಣೆಯಲ್ಲಿ ಗೋಪಾಲಗೌಡರು ವಿಧಾನಸಭೆಗೆ ಗೆದ್ದರು.

ಇದಿಷ್ಟು ಎಲ್ಲರೂ ಹೇಳುವ ಕಥೆ. ಜಗಳ ಹುಟ್ಟಿದ್ದು ಎಲ್ಲಿಂದ ಎಂದು ಕೇಳಿದರೆ ಮಾತ್ರ ಕಥೆ ಬೇರೆ ಕಡೆಗೆ ತಿರುಗುತ್ತದೆ. ಅದು ಹುಟ್ಟಿದ್ದು ಒಂದು ಕೊಳಗದಿಂದ. ಗೇಣಿ ಭತ್ತ ಅಳೆದುಕೊಳ್ಳುವಾಗ ಒಡೆಯರು ಬಳಸುತ್ತಿದ್ದ ಕೊಳಗ ವಾಡಿಕೆಯ ಕೊಳಗಕ್ಕಿಂತ ದೊಡ್ಡದಿತ್ತು. ಎಲ್ಲರಿಗೂ ಒಂದೇ ಅಳತೆ ಇರಲಿ ಎಂದು ಗೇಣಿದಾರರು ಕೇಳಿದರು. ಬಿಟ್ಟಿ ದುಡಿಮೆ ನಿಲ್ಲಲಿ ಎಂದರು. ಅವರ ಇನ್ನೊಂದು ಬೇಡಿಕೆಯನ್ನು ನಾನು ಎಷ್ಟೋ ಸಲ ಓದಿ ಮುಂದೆ ಹೋಗಿದ್ದೆ. ಕೊಟ್ಟ ಗೇಣಿಗೆ ರಸೀದಿ ಕೊಡಿ ಎಂಬುದು ಆ ಬೇಡಿಕೆ.

ರಸೀದಿ ಎಂದರೆ ಚಾಲಗೇಣಿ ಮಾಡುವವನ ಮಟ್ಟಿಗೆ ಏನು? ಈ ಗದ್ದೆಯನ್ನು ಉಳುತ್ತಿರುವವನು ಇಂಥವನು, ಇಷ್ಟು ಭತ್ತ ಕೊಟ್ಟಿದ್ದಾನೆ ಎಂದು ಕಾಗದದ ಮೇಲೆ ಒಪ್ಪಿಕೊಂಡ ಹಾಗೆ. ಒಡೆಯ ಅದನ್ನು ಕೊಟ್ಟ ದಿನವೇ ಬೇಕೆಂದಾಗ ಎಬ್ಬಿಸಿ ಕಳಿಸುವ ಅವನ ಸ್ವಾತಂತ್ರ್ಯಕ್ಕೆ ಒಂದು ಗೆರೆ ಬೀಳುತ್ತದೆ. ಹಾಗಾಗಿಯೇ ಸ್ವಲ್ಪ ಭತ್ತ ಕಡಿಮೆ ಮಾಡಿಕೊಳ್ಳುವುದಕ್ಕಿಂತ ರಸೀದಿ ಕೊಡುವುದು ಕಷ್ಟದ ಮಾತಾಗಿದ್ದಿರಬೇಕು. ಗೇಣಿದಾರರು ಭೂಮಿ ಕೇಳುವುದಕ್ಕೆ ಮೊದಲು ದಾಖಲೆ ಕೇಳಿದರು.

ಕಳೆದ ರಜೆಯಲ್ಲಿ ಊರಿಗೆ ಹೋದಾಗ ಅಜ್ಜಿಯ ಟ್ರಂಕು ತೆಗೆಸಿದೆ. ಅಜ್ಜನ ಡಿಕ್ಲರೇಷನ್‌ನ ಪ್ರತಿ ಇತ್ತು. ಭೂ ನ್ಯಾಯಮಂಡಳಿಯ ಆದೇಶ ಪ್ಲಾಸ್ಟಿಕ್ ಕವರಿನಲ್ಲಿ ಭದ್ರವಾಗಿತ್ತು. ಅದಕ್ಕಿಂತ ಹಳೆಯ ಕಾಗದ ಒಂದೂ ಇರಲಿಲ್ಲ.

"ಅದಕ್ಕೂ ಮೊದಲಿಂದು ಎಂತ ಇಲ್ವಾ ಅಜ್ಜಿ?"

"ಎಂತ ಇರತ್ತೆ? ಕೊಟ್ಟಿದ್ದು ಅವರ ಮನೆ ಪುಸ್ತಕದಾಗೆ ಬರ್ಕಂತಿದ್ರು. ನಮ್ಮನೆಲಿ ಅಜ್ಜನ ತಲೆಲಿತ್ತು."

ಸಂಘದ ದಾಖಲೆ ಹುಡುಕಿಕೊಂಡು ಹೊರಟ ನನಗೆ ಆ ಎರಡು ವಾಕ್ಯದಲ್ಲಿ ಉತ್ತರ ಸಿಕ್ಕಿತು. ರಸೀದಿ ಇಲ್ಲದವರು ಕಟ್ಟಿದ ಸಂಘ ಅದು. ನಡಾವಳಿ ಪುಸ್ತಕ, ಸದಸ್ಯರ ಪಟ್ಟಿ, ವಂತಿಗೆಯ ಲೆಕ್ಕ ಇವುಗಳನ್ನು ಕಪಾಟಿನಲ್ಲಿ ಕಾಪಿಟ್ಟುಕೊಂಡು ಬರುವ ಅನುಕೂಲ ಯಾರಿಗಿತ್ತು? ಬರೆಯುವ ಕೆಲಸವೆಲ್ಲ ಎದುರಿನವರ ಕೈಯಲ್ಲಿತ್ತು. ಒಡೆಯನ ಮನೆಯ ಲೆಕ್ಕದ ಪುಸ್ತಕ, ಕಂದಾಯ ಇಲಾಖೆಯ ಪಹಣಿ, ಪೊಲೀಸರ ವರದಿ ಎಲ್ಲವೂ ಬರಹವೇ. ಪೊಲೀಸರ ಕಣ್ಣಿಗೆ ಬೀಳುವುದು ಅತಿಕ್ರಮ ಪ್ರವೇಶ, ಲೆಕ್ಕದ ಪುಸ್ತಕದ ಕಣ್ಣಿಗೆ ಬಾಕಿ. ಸಂಘ ಎಂಬುದು ಈ ಎರಡರ ನಡುವೆ ಎಲ್ಲೋ ಇದೆ.

ಇಂಥ ಖಾಲಿ ಜಾಗಕ್ಕೆ ಸಾಹಿತ್ಯ ಬರುತ್ತದೆ. ನಮ್ಮ ತಲೆಮಾರಿನವರಿಗೆ ಮಲೆನಾಡಿನ ಸಮಾಜವಾದಿಗಳ ಪರಿಚಯ ಆಗುವುದೇ ಅನಂತಮೂರ್ತಿಯವರ 'ಅವಸ್ಥೆ'ಯಿಂದ. 1978ರ ಈ ಕಾದಂಬರಿಯ ಕೃಷ್ಣಪ್ಪನ ಹಿಂದೆ ಗೋಪಾಲಗೌಡರ ಬದುಕಿದೆ ಎಂಬುದು ಎಲ್ಲರಿಗೂ ಗೊತ್ತು. ಗೋಪಾಲಗೌಡರು 1972ರಲ್ಲಿ, ಐವತ್ತು ತುಂಬುವ ಮೊದಲೇ ತೀರಿಕೊಂಡರು. ಕಾದಂಬರಿಯ ಕೃಷ್ಣಪ್ಪ ಪಾರ್ಶ್ವವಾಯು ಬಡಿದು ಹಾಸಿಗೆಯಲ್ಲಿದ್ದಾನೆ. ಮೈ ಅಲುಗುವುದಿಲ್ಲ, ಮನಸ್ಸು ದನ ಕಾಯುವ ಹುಡುಗನಾಗಿದ್ದ ದಿನಗಳಿಂದ ಹಿಡಿದು ಎಲ್ಲ ಕಡೆ ಅಲೆಯುತ್ತದೆ. ಕ್ರಾಂತಿಕಾರಿ ಅಣ್ಣಾಜಿ, ಗೌರಿ ದೇಶಪಾಂಡೆ, ಹೆಂಡತಿ ಸೀತೆ, ವಾರಂಗಲ್‌ನ ಪೊಲೀಸರ ಹಿಂಸೆ, ಅಧಿಕಾರದ ಆಮಿಷ ಎಲ್ಲವೂ ಆ ಹಾಸಿಗೆಯ ಸುತ್ತ ಸುಳಿಯುತ್ತವೆ.

ಈ ಕಾದಂಬರಿಯನ್ನು ನಾನು ಮೂರು ಸಲ ಓದಿದ್ದೇನೆ. ಆದರ್ಶ ಇಟ್ಟುಕೊಂಡ ಒಬ್ಬ ಮನುಷ್ಯ ಸಣ್ಣ ಸಣ್ಣ ರಾಜಿಗಳಲ್ಲಿ ಹೇಗೆ ಸವೆಯುತ್ತಾನೆ ಎಂಬುದನ್ನು ಇಷ್ಟು ನಿಷ್ಠುರವಾಗಿ ನೋಡಿದ ಇನ್ನೊಂದು ರಾಜಕೀಯ ಕಾದಂಬರಿಯನ್ನು ಕನ್ನಡದಲ್ಲಿ ನಾನು ಓದಿಲ್ಲ. ರೈತರ ಹೋರಾಟ ಅದರಲ್ಲಿ ಇಲ್ಲ ಎಂದೂ ಹೇಳುವಂತಿಲ್ಲ. ಅದು ಕೃಷ್ಣಪ್ಪನ ಬದುಕಿನ ಒಂದು ಘಟ್ಟವಾಗಿ ಬರುತ್ತದೆ, ಅವನ ಹೆಮ್ಮೆಗೂ ಅವನ ಅಪರಾಧಭಾವಕ್ಕೂ ಕಾರಣವಾಗುತ್ತದೆ. ರೈತರಿಗೆ ಆ ಹೋರಾಟ ಏನಾಗಿತ್ತು ಎಂಬ ಕಡೆಗೆ ಕಾದಂಬರಿಯ ನೋಟ ಹೆಚ್ಚು ಹೊತ್ತು ನಿಲ್ಲುವುದಿಲ್ಲ.

ಇದನ್ನು ಅನಂತಮೂರ್ತಿಯವರ ಅಲಕ್ಷ್ಯ ಎಂದು ಬಗೆಹರಿಸಿಬಿಡುವುದು ಸುಲಭ. ನನ್ನ ಕರಡಿನಲ್ಲಿ ನಾನು ಮಾಡಿದ್ದೂ ಅದನ್ನೇ. ಈಗ ಅದು ಸರಿ ಎನಿಸುತ್ತಿಲ್ಲ. ಪ್ರಶ್ನೆ ಇರುವುದು ನವ್ಯರಿಗೆ ಒದಗಿದ ರೂಪದಲ್ಲಿ. ಒಬ್ಬ ವ್ಯಕ್ತಿಯ ಪ್ರಜ್ಞೆಯೊಳಗೆ ಇಳಿದು ಲೋಕವನ್ನು ನೋಡುವುದು ನವ್ಯದ ದೊಡ್ಡ ಶಕ್ತಿ. ಒಂದು ಸಂಘಕ್ಕೆ ಹಾಗೆ ಇಳಿಯಲು ಬರುವಂಥ ಪ್ರಜ್ಞೆ ಇರುವುದಿಲ್ಲ. ಅದಕ್ಕಿರುವುದು ಸಭೆ, ಮುಂದೂಡಿದ ಸಭೆ, ಬಾಕಿ ಉಳಿದ ವಂತಿಗೆ, ನಾಳೆ ಯಾರು ಜೈಲಿಗೆ ಹೋಗುವುದು, ಹೋದವನ ಮನೆಯ ದನಕ್ಕೆ ಹುಲ್ಲು ಯಾರು ತರುವುದು ಎಂಬ ಚರ್ಚೆ. ಇದನ್ನು ಹಾಸಿಗೆಯಲ್ಲಿ ಮಲಗಿದ ಒಬ್ಬ ನಾಯಕ ನೆನಪು ಮಾಡಿಕೊಳ್ಳುವ ಕ್ರಮದಲ್ಲಿ ಹಿಡಿಯುವುದು ಕಷ್ಟ. ಅವನ ನೆನಪಿನಲ್ಲಿ ಉಳಿಯುವುದು ಮುಖಗಳು, ಮಾತುಗಳು, ಅವಮಾನಗಳು. ಕೊಳಗ ಉಳಿಯುವುದಿಲ್ಲ.

ಹೋಲಿಕೆಗೆ ದೇವನೂರರ 'ಒಡಲಾಳ' ನೋಡಿ. ಅಲ್ಲಿ ಕಳೆದುಹೋದ ಒಂದು ಹುಂಜಕ್ಕೆ ಸಾಕವ್ವನ ಲೋಕವೇ ಅಲ್ಲಾಡುತ್ತದೆ, ಒಂದು ರಾತ್ರಿ ಮನೆಮಂದಿಯೆಲ್ಲ ಕೂತು ತಿಂದ ಕಡಲೆಕಾಯಿಗೆ ಪೊಲೀಸರು ಬಾಗಿಲಿಗೆ ಬರುತ್ತಾರೆ. ಒಬ್ಬ ನಾಯಕನೂ ಇಲ್ಲದ ಕಥೆ ಅದು, ಇಡೀ ಮನೆಯೇ ಅದರ ಕೇಂದ್ರ. ಉಳ್ಳವರಿಗೆ ಲೆಕ್ಕಕ್ಕೇ ಬಾರದ ಸಣ್ಣ ವಸ್ತುಗಳನ್ನು ಆ ಕಥೆ ಪಕ್ಕಾ ಲೆಕ್ಕ ಇಡುತ್ತದೆ. ರಸೀದಿ ಕೇಳಿದವರ ಚರಿತ್ರೆಯನ್ನು ಓದಲು ಬೇಕಾದ ಕಣ್ಣು ನನಗೆ ದೊರೆತದ್ದು ಅಲ್ಲಿ. ಸಮಾಜವಾದದ ಬಗ್ಗೆ ಒಂದು ಮಾತೂ ಆಡದ ಆ ಕೃತಿಯನ್ನು ನನ್ನ ಅಧ್ಯಾಯಕ್ಕೆ ಸೇರಿಸಿಕೊಂಡಿದ್ದೇನೆ.

ತೊಂದರೆ ಇರುವುದು ಕಾದಂಬರಿಯನ್ನೇ ದಾಖಲೆ ಎಂದು ಓದುವ ನಮ್ಮ ಅಭ್ಯಾಸದಲ್ಲಿ. ತರಗತಿಯಲ್ಲಿ 'ಅವಸ್ಥೆ' ಓದಿ ಮುಗಿದ ಮೇಲೆ ಸಮಾಜವಾದಿ ಚಳವಳಿಯೂ ಓದಿ ಮುಗಿಯಿತು ಎಂಬ ಭಾವ ಬರುತ್ತದೆ. ಆಗ ಚಳವಳಿ ಎಂದರೆ ಸೋಲು, ಒಂಟಿತನ, ಕೈ ತಪ್ಪಿದ ಆದರ್ಶ. ವಿಮರ್ಶೆಯೂ ಅದೇ ದುಃಖದ ಧಾಟಿಯನ್ನು ಮುಂದುವರಿಸಿದೆ. ಲೋಹಿಯಾ ನಮಗೆ ಭಾಷೆ, ಜಾತಿ, ಗಂಡು ಹೆಣ್ಣಿನ ಸಂಬಂಧ ಕುರಿತ ವಿಚಾರಗಳಾಗಿ, ಅಂದರೆ ಪುಸ್ತಕವಾಗಿ ಪರಿಚಿತರು. ಕಾಗೋಡಿನ ಗೇಣಿದಾರರಿಗೆ ಅವರು ತಮ್ಮ ಹಾಗೆಯೇ ಪೊಲೀಸರು ಹಿಡಿದುಕೊಂಡು ಹೋದ ಮನುಷ್ಯ. ಜಿ. ರಾಜಶೇಖರ ಅವರಂಥ ವಿಮರ್ಶಕರು 'ಕಾಗೋಡು ಸತ್ಯಾಗ್ರಹ' ಎಂಬ ಪುಸ್ತಕವನ್ನೇ ಬರೆದದ್ದು ಈ ಕಾರಣಕ್ಕೆ ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ. ಸಾಹಿತ್ಯ ಓದಿ ಪಳಗಿದ ಕಣ್ಣು ಗೇಣಿಯ ಜಗಳವನ್ನು ಓದಲು ಕೂತ ಅಪರೂಪದ ಉದಾಹರಣೆ ಅದು.

ಇನ್ನು ಸೋಲಿನ ಮಾತು. 1951ರಲ್ಲಿ ಕಾಗೋಡಿನವರಿಗೆ ಕೂಡಲೇ ಭೂಮಿ ಸಿಗಲಿಲ್ಲ, ನಿಜ. 1952ರಲ್ಲಿ ಮೈಸೂರು ರಾಜ್ಯದ ಗೇಣಿ ಕಾಯಿದೆ ಬಂತು. ಆಮೇಲೆ 1961ರ ಭೂಸುಧಾರಣಾ ಕಾಯಿದೆ. ದೇವರಾಜ ಅರಸು ಸರ್ಕಾರದ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂತು. ಗೇಣಿ ಭೂಮಿ ಸರ್ಕಾರಕ್ಕೆ ಸೇರಿ, ಉಳುವವನು ಏಳನೇ ನಮೂನೆಯಲ್ಲಿ ಅರ್ಜಿ ಹಾಕಿಕೊಳ್ಳಬಹುದಾಯಿತು. ನಮ್ಮ ಕಡೆ ಅದನ್ನು 'ಡಿಕ್ಲರೇಷನ್ ಹಾಕೋದು' ಎನ್ನುತ್ತಾರೆ. ಗೋಪಾಲಗೌಡರು ಅದನ್ನು ನೋಡಲು ಇರಲಿಲ್ಲ.

ಟ್ರಂಕಿನಲ್ಲಿ ಸಿಕ್ಕ ಅಜ್ಜನ ಡಿಕ್ಲರೇಷನ್ ಓದುತ್ತಾ ಕೂತಾಗ ನನಗೆ ಹೊಳೆದದ್ದು ಇದು. ಯಾವ ಗದ್ದೆ, ಒಡೆಯ ಯಾರು, ಉಳುತ್ತಿರುವವರು ಯಾರು ಎಂದು ಆ ನಮೂನೆ ಕೇಳುತ್ತದೆ. 1951ರಲ್ಲಿ ಒಡೆಯ ಬರೆದುಕೊಡಲು ಒಪ್ಪದ ಸಂಗತಿಯನ್ನು 1974ರ ನಂತರ ಸರ್ಕಾರವೇ ಗೇಣಿದಾರನಿಂದ ಬರೆಸಿಕೊಂಡಿತು. ಸಂಘದ ನಡಾವಳಿ ಪುಸ್ತಕ ಹುಡುಕುತ್ತಿದ್ದ ನನ್ನ ಕೈಯಲ್ಲಿ ಇದ್ದದ್ದೂ ಒಂದರ್ಥದಲ್ಲಿ ಸಂಘದ ದಾಖಲೆಯೇ. ತಡವಾಗಿ, ಬೇರೆ ಪಕ್ಷದ ಸರ್ಕಾರದ ಮೊಹರಿನಡಿ ಬಂದ ರಸೀದಿ.

ಇಲ್ಲಿಗೇ ನಿಲ್ಲಿಸಿದ್ದರೆ ಇದು ಗೆದ್ದವರ ಮೊಮ್ಮಗಳು ಬರೆದ ಸಮಾಧಾನದ ಲೇಖನವಾಗುತ್ತಿತ್ತು. ನಾನು ನಮೂನೆಯನ್ನು ಅಜ್ಜಿಗೆ ಗಟ್ಟಿಯಾಗಿ ಓದಿ ಹೇಳಿದೆ. ಅಜ್ಜಿ ಕೇಳಿಸಿಕೊಂಡು ಸ್ವಲ್ಪ ಹೊತ್ತು ಸುಮ್ಮನಿದ್ದಳು. ಅಜ್ಜನ ಜೊತೆ ಅದೇ ಗದ್ದೆಯಲ್ಲಿ ಇಪ್ಪತ್ತು ವರ್ಷ ದುಡಿದ ಒಬ್ಬರ ಹೆಸರು ಹೇಳಿ, "ಅವಂದು ಬರ್ದಿದ್ಯಾ ನೋಡು" ಎಂದಳು. ಬರೆದಿರಲಿಲ್ಲ. ಆತ ಗೇಣಿದಾರನಲ್ಲ, ಕೂಲಿಗೆ ಬರುತ್ತಿದ್ದ ಪರಿಶಿಷ್ಟ ಜಾತಿಯವನು. ಕಾಯಿದೆ ಗೇಣಿದಾರನನ್ನು ಗುರುತಿಸಿತು, ಭೂಮಿ ಗೇಣಿದಾರನಿಗೆ ಬಂತು. ಕೂಲಿಯವರ ಪಾಲಿಗೆ ಬದಲಾದದ್ದು ಒಡೆಯನ ಹೆಸರು ಮಾತ್ರ. ಆತನಿಗೆ ನಾವು ಕೂಲಿ ಅಳೆದುಕೊಟ್ಟ ಭತ್ತಕ್ಕೆ ನಮ್ಮ ಮನೆಯಲ್ಲೂ ಯಾವ ಚೀಟಿಯೂ ಇಲ್ಲ. ಅವರ ಮನೆಯಲ್ಲಿ ತೆಗೆದು ನೋಡಲು ಟ್ರಂಕು ಇದೆಯೋ ಇಲ್ಲವೋ ಎಂದು ನಾನು ಅಲ್ಲಿಯವರೆಗೆ ಯೋಚಿಸಿಯೇ ಇರಲಿಲ್ಲ.

ಸಣ್ಣ ಸಂಘವೊಂದರ ಕಾಗದಪತ್ರ ಉಳಿಯದೆ ಹೋದಾಗ ಅದರ ಸಾಹಸದ ಜೊತೆಗೆ ಅದರ ಮಿತಿಯೂ ಮರೆಯಾಗುತ್ತದೆ. ಸದಸ್ಯರ ಪಟ್ಟಿ ಇದ್ದಿದ್ದರೆ ಅದರಲ್ಲಿ ಯಾರಿದ್ದರು ಎಂಬುದರ ಜೊತೆಗೆ ಯಾರಿರಲಿಲ್ಲ ಎಂಬುದೂ ತಿಳಿಯುತ್ತಿತ್ತು. ಪಟ್ಟಿ ಇಲ್ಲದ ಕಡೆ ನಾವು ನಮಗೆ ಬೇಕಾದ ಹಾಗೆ 'ಜನ' ಎಂದು ಬರೆದುಬಿಡುತ್ತೇವೆ. ನನ್ನ ಕರಡಿನಲ್ಲಿ ಆ ಪದ ಹದಿನೇಳು ಸಲ ಇತ್ತು. ಎಣಿಸಿ ನೋಡಿದೆ.

ಈಗ ಅಧ್ಯಾಯ ತಿದ್ದುತ್ತಿದ್ದೇನೆ. 'ಅವಸ್ಥೆ' ಅಲ್ಲಿಯೇ ಇದೆ, ಅದರ ಪಕ್ಕದಲ್ಲಿ ಏಳನೇ ನಮೂನೆ ಇದೆ. ಕಾಗೋಡಿಗೆ ಒಂದೂವರೆ ಪುಟ ಸಾಲದು ಎಂದು ಹನ್ನೆರಡು ಪುಟ ಬರೆದಿದ್ದೇನೆ. 'ಜನ' ಎಂದಿದ್ದ ಕಡೆಗಳಲ್ಲೆಲ್ಲ ಗೇಣಿದಾರರು, ಕೂಲಿಯವರು, ಒಡೆಯರು ಎಂದು ಬಿಡಿಸಿ ಬರೆಯುತ್ತಿದ್ದೇನೆ. ಅಜ್ಜಿ ಹೇಳಿದ ಹೆಸರನ್ನು ನನ್ನ ನೋಟ್‌ಬುಕ್ಕಿನಲ್ಲಿ ಬರೆದಿಟ್ಟುಕೊಂಡಿದ್ದೇನೆ. ಮುಂದಿನ ರಜೆಗೆ ಹೋದಾಗ ಅವರ ಮನೆಗೆ ಹೋಗಬೇಕು. ದಾಖಲೆ ಕೇಳುವುದಕ್ಕಲ್ಲ, ಅವರು ಹೇಳಿದ್ದನ್ನು ಬರೆದುಕೊಂಡು ಅದರ ಒಂದು ಪ್ರತಿಯನ್ನು ಅವರ ಕೈಗೆ ಕೊಟ್ಟು ಬರುವುದಕ್ಕೆ.