ಪ್ರಬಂಧದ ಮಡಿ

ಇಂಗ್ಲಿಷಿನಲ್ಲಿ ಎಂ.ಎ. ಪ್ರಬಂಧ ಬರೆಯೋದಕ್ಕೆ ಏನೇನು ಬೇಕು? ಒಂದು ಪ್ರಶ್ನೆ, ಅದಕ್ಕೆ ಆಧಾರ, ಯಾವ ಮಾತು ಎಲ್ಲಿಂದ ಬಂತೆಂಬ ಅಡಿಟಿಪ್ಪಣಿ. ಇಷ್ಟನ್ನು ನಾವು ಒಪ್ಪುತ್ತೇವೆ. ಒಪ್ಪುವುದೇನು, ಇವು ನಮಗೇ ಬೇಕು. "ಶಾಸ್ತ್ರದಲ್ಲಿದೆ" ಎಂದವರನ್ನು "ಯಾವ ಪುಟದಲ್ಲಿ ಸ್ವಾಮಿ?" ಅಂತ ಕೇಳಲು ಕಲಿಸುವುದು ಈ ನಿಯಮವೇ.

ಬಾಬಾಸಾಹೇಬರು 1915ರಲ್ಲಿ ನ್ಯೂಯಾರ್ಕಿನ ಕೊಲಂಬಿಯಾ ವಿಶ್ವವಿದ್ಯಾಲಯಕ್ಕೆ ಎಂ.ಎ.ಗಾಗಿ ಒಪ್ಪಿಸಿದ ಇಂಗ್ಲಿಷ್ ಪ್ರಬಂಧ ಈಸ್ಟ್ ಇಂಡಿಯಾ ಕಂಪನಿಯ ಆಡಳಿತ ಮತ್ತು ಹಣಕಾಸನ್ನು ಕುರಿತದ್ದು. ಭೂಕಂದಾಯ, ಉಪ್ಪಿನ ತೆರಿಗೆ, ಅಫೀಮಿನ ವರಮಾನ, ಸಾಲ—ಎಲ್ಲದರ ಲೆಕ್ಕ ತೆಗೆದು ಕಂಪನಿಯ ಎದುರೇ ಸಾಕ್ಷಿಗೆ ನಿಲ್ಲಿಸಿದರು. ಇಂಡಿಯಾ ಕೊಟ್ಟದ್ದೆಷ್ಟು, ಇಂಗ್ಲೆಂಡು ಮರಳಿಸಿದ್ದೆಷ್ಟು ಎಂದು ತೂಗಿದರು. ಆ ಪ್ರಬಂಧದ ಬಲ ಇರುವುದು ಈ ತೂಕದಲ್ಲಿ.

ಆದರೆ ನಮ್ಮ ಎಷ್ಟೋ ವಿಭಾಗಗಳಲ್ಲಿ ಯಾವ ಕೈಪಿಡಿಯಲ್ಲೂ ಅಚ್ಚಾಗದ ಇನ್ನೊಂದು ನಿಯಮವಿದೆ. ಹಳ್ಳಿಯ ಕನ್ನಡ ಶಾಲೆಯಿಂದ ಬಂದ ಹುಡುಗಿ ತನ್ನ ವಾದ ಮುಂದಿಟ್ಟರೆ, "ನಿನ್ನ ಇಂಗ್ಲಿಷು ಸರಿಯಿಲ್ಲಮ್ಮ" ಅಂತ ಮೊದಲ ಪುಟಕ್ಕೇ ಮಡಚಿಡುತ್ತಾರೆ. ವಾದವನ್ನು ಓದೋದೇ ಇಲ್ಲ. ಆಧಾರವಿಲ್ಲದ್ದನ್ನು ನುಣ್ಣಗೆ ಬರೆದವನು ದಾಟಿಬಿಡುತ್ತಾನೆ. ವ್ಯಾಕರಣದ ತಪ್ಪನ್ನು ತಿದ್ದುವುದು ಮೇಷ್ಟರ ಕೆಲಸ. ತಿದ್ದದೆ ಹೊರಗೆ ನಿಲ್ಲಿಸುವುದು ಹಳೇ ಮಡಿಯ ಕೆಲಸ.

ಇಂಗ್ಲಿಷು ಬೇಡವೆಂದು ನಾವು ಹೇಳುತ್ತಿಲ್ಲ. ಕಲಿಯುತ್ತೇವೆ, ಕಲಿಸಿ. ವಾದಕ್ಕೆಷ್ಟು ಅಂಕ, ಭಾಷೆಗೆಷ್ಟು ಅಂಕ ಎಂದು ಮೊದಲೇ ಬರೆದುಕೊಡಿ. ಗೆಳೆಯರೆ, ಪ್ರಬಂಧ ಶುರುಮಾಡುವ ಮುನ್ನ ನಿಮ್ಮ ನಿಮ್ಮ ವಿಭಾಗದಲ್ಲಿ ಇದನ್ನು ಕೇಳಿ.